ಒಂದು ಮಣದ ಹರಕೆ

ದೀಪಾವಳಿ ಪಾಡ್ಯದ ದಿನ ಯಾದಗಿರಿಯ ಗಂಜ್‌ನಲ್ಲಿ, ಅಂದರೆ ನಮ್ಮ ಕಾಳುಕಡಿಯ ಮಾರುಕಟ್ಟೆಯಲ್ಲಿ, ನನ್ನನ್ನು ತೂಗುತ್ತಿದ್ದರು. ತಮಾಷೆಗಲ್ಲ! ದೊಡ್ಡ ತಕ್ಕಡಿಗೆ ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿ, ಪೂಜೆ ಮುಗಿದ ಮೇಲೆ ಅವತ್ತಿನ ಮೊದಲ ತೂಕವೇ ನನ್ನದು. ಶೇಂಗಾ ಚೀಲ ಇಡುವ ಹಲಗೆಯ ಮೇಲೆ ಹೊಸ ಲಂಗ ಹರಡಿಕೊಂಡು ನಾನು ಕೂರಬೇಕು, ಎದುರಿನ ಹಲಗೆಗೆ ಅಪ್ಪ ಕಬ್ಬಿಣದ ತೂಕದ ಕಲ್ಲುಗಳನ್ನು ಇಡುತ್ತ ಹೋಗಬೇಕು. ಗಂಜ್‌ನಲ್ಲಿ ಎಣಿಕೆ ಒಂದರಿಂದ ಶುರುವಾಗುವುದಿಲ್ಲ, ‘ಲಾಭ’ ಎಂದೇ ಶುರುವಾಗುತ್ತದೆ. ಅಪ್ಪ ಗಂಟಲೆತ್ತಿ ‘ಲಾಭ!’ ಎಂದ ಕೂಡಲೇ ಹಮಾಲರು, ಅಡತಿ ಅಂಗಡಿಯ ದಲ್ಲಾಳಿಗಳು, ಅವರ ಮನೆಯ ಹೆಂಗಸರು ಎಲ್ಲ ಬಂದು ಮುತ್ತುತ್ತಿದ್ದರು. ಸರಪಳಿ ಕಿರುಗುಟ್ಟಿ ಹಲಗೆ ನೆಲ ಬಿಡುವ ಆ ಗಳಿಗೆಗಾಗಿ ನಾನು ವರ್ಷವಿಡೀ ಕಾಯುತ್ತಿದ್ದೆ.

ಇದೆಲ್ಲ ಅವ್ವನ ಹರಕೆಯಿಂದ ಆದದ್ದು. ನಿಜಾಮನ ರಾಜ್ಯ ಮುಗಿಯುವ ಮುಂಚಿನ ಗದ್ದಲದ ದಿನಗಳಲ್ಲಿ ಅವ್ವ ನನ್ನನ್ನು ಕರೆದುಕೊಂಡು ಸುರಪುರದ ತವರುಮನೆ ಸೇರಿದ್ದಳು. ಅಲ್ಲಿ ನನಗೆ ವಿಷಮಜ್ವರ ಬಂತು. ಮೈಯಲ್ಲಿ ಎಲುಬು ಬಿಟ್ಟರೆ ಏನೂ ಉಳಿಯಲಿಲ್ಲವಂತೆ. ಅವ್ವ ತವರಿನ ದೇವರ ಮುಂದೆ ಸೆರಗೊಡ್ಡಿ, “ಈಕಿ ಉಳೀಲಿ. ಪಕ್ಕಾ ಒಂದು ಮಣ ತೂಗೂಹಂಗ ಬೆಳೀಲಿ. ಅವತ್ತ ಒಂದು ಮಣ ಬೆಲ್ಲ ನಿನಗ ಮುಟ್ಟಸ್ತೀನಿ. ಆ ಮ್ಯಾಲೇ ಈಕಿ ಲಗ್ನದ ಮಾತು,” ಎಂದು ಬೇಡಿಕೊಂಡಳು.

ಲೋಕದಲ್ಲಿ ಎಲ್ಲರೂ ಮಗಳ ತೂಕ ಎಷ್ಟಿದೆಯೋ ಅಷ್ಟು ಬೆಲ್ಲ ಎಂದು ಹರಕೆ ಹೊರುತ್ತಾರೆ. ಹುಡುಗಿ ಚೇತರಿಸಿಕೊಂಡ ತಿಂಗಳಲ್ಲೇ ತೂಗಿ ಕೈತೊಳೆದುಕೊಳ್ಳುತ್ತಾರೆ. ಆದರೆ ನಮ್ಮವ್ವ ತೂಕ ಮಾಡುವವನ ಹೆಂಡತಿ! ಆಕೆಗೆ ದೇವರ ಹತ್ತಿರವೂ ಮಣ, ಸೇರು ಎಂದು ಕಡಕ್ಕಾಗಿ ಮಾತಾಡಿಯೇ ರೂಢಿ. ಪಕ್ಕಾ ಮಣ ಎಂದರೆ ನಲವತ್ತು ಸೇರು. ಹನ್ನೆರಡು ಹದಿಮೂರರ ಹುಡುಗಿ ಮೈತುಂಬಿಕೊಂಡರೆ ಮುಟ್ಟುವ ತೂಕ. ಹೀಗೆ ನನ್ನ ಲಗ್ನಕ್ಕೆ ಮುಹೂರ್ತ ಇಡುವ ಕೆಲಸ ತಕ್ಕಡಿಯ ಪಾಲಿಗೆ ಬಂತು.

ನಾನು ಆರನೆಯ ಇಯತ್ತೆಯಲ್ಲಿದ್ದ ವರ್ಷ ಶಹಾಪುರದಿಂದ ಅತ್ತಿ, ಅಂದರೆ ಅಪ್ಪನ ಅಕ್ಕ, ಪಾಡ್ಯಕ್ಕೆಂದೇ ಬಂದಿದ್ದಳು. ಆಕೆಯ ಮಗನಿಗೆ ನಾನು ಎಂಬುದು ನಾನು ತೊಟ್ಟಿಲಲ್ಲಿದ್ದಾಗಲೇ ಆದ ಮಾತು. ಆ ಹೆಂಗಸು ಕೆಟ್ಟವಳಲ್ಲ, ನನ್ನನ್ನು ಕಂಡರೆ ಜೀವ ಬಿಡುತ್ತಿದ್ದಳು. ಬಂದವಳೇ ನನ್ನ ರಟ್ಟೆ ಹಿಡಿದು ಒತ್ತಿ ನೋಡಿ, “ಮಣಾ ತುಂಬ್ಯಾಳೇನ ನಮ್ಮ ಹುಡುಗಿ?” ಎಂದು ಕೇಳುವುದು ಆಕೆಯ ಪದ್ಧತಿ. ಅವತ್ತು ಹಲಗೆ ಮಣದ ಸಮಕ್ಕೆ ಬರಲು ಎರಡು ಮೂರು ಸೇರಷ್ಟೇ ಕಮ್ಮಿ ಬಿತ್ತು. ಅತ್ತಿ ಚಪ್ಪಾಳೆ ಹೊಡೆದು, “ಮುಂದಿನ ಪಾಡ್ಯಾಕ ಬರೋಬರಿ ಆಗ್ತದ ನೋಡ್ರಿ! ನಾ ತುಪ್ಪ ಕಳಸ್ತೀನಿ,” ಎಂದಳು. ಸುತ್ತ ನಿಂತವರೆಲ್ಲ ನಕ್ಕರು. ನನಗೆ ಮಾತ್ರ ಹಲಗೆಯಿಂದ ಇಳಿಯಲು ಕಾಲೇ ಬರಲಿಲ್ಲ.

ಯಾಕೆಂದರೆ ಆ ವರ್ಷವೇ ನನಗೆ ಶಾಲೆಯ ಹುಚ್ಚು ಹಿಡಿದಿತ್ತು. ಎಂಥ ವರ್ಷಗಳು ಅವು! ನಿಜಾಮ ಹೋಗಿದ್ದ, ಕನ್ನಡದವರದೇ ಒಂದು ರಾಜ್ಯ ಬರುತ್ತದಂತೆ ಎಂಬ ಮಾತು ಸ್ಟೇಷನ್ನಿನಿಂದ ಗಂಜ್‌ವರೆಗೆ ಎಲ್ಲರ ಬಾಯಲ್ಲಿತ್ತು. ಶಾಲೆಯಲ್ಲಿ ಉರ್ದು ಪಾಠ ಹೋಗಿ ಕನ್ನಡ ಪಾಠ ಬಂದಿತ್ತು. ಅದನ್ನು ಕಲಿಸಲು ಧಾರವಾಡದ ಕಡೆಯಿಂದ ಒಬ್ಬ ಅಕ್ಕೋರು ರೈಲಿನಲ್ಲಿ ಬಂದಿಳಿದಿದ್ದರು. ಕೈಯಲ್ಲಿ ಗಡಿಯಾರ, ಬಗಲಲ್ಲಿ ಕೊಡೆ, ಬಾಡಿಗೆಯ ಕೋಣೆಯಲ್ಲಿ ಒಬ್ಬರೇ ವಾಸ. ಒಬ್ಬ ಹೆಣ್ಣುಮಗಳು ತಾನೇ ದುಡಿದು ತಾನೇ ಉಣ್ಣುವುದನ್ನು ನಾನು ಅದೇ ಮೊದಲು ನೋಡಿದ್ದು. ಒಂದು ದಿನ ಅವರು ನನ್ನ ಪಾಟಿ ನೋಡಿ, “ಏಳನೇ ಇಯತ್ತಾ ಪಾಸಾದ್ರ ಅಕ್ಕೋರ ಟ್ರೇನಿಂಗಿಗೆ ಹೋಗಬಹುದು ನೀ. ತಲಿ ಚಲೋ ಐತಿ,” ಅಂದರು. ನಾನು ಮನೆಯವರೆಗೆ ಓಡಿದೆ. ಪಾಟಿ ಒಡೆದುಕೊಂಡೆ. ಅವ್ವನ ಹತ್ತಿರ ಬೈಸಿಕೊಂಡರೂ ನಗು ನಿಲ್ಲಲಿಲ್ಲ.

ತೂಕದ ದಿನ ಗಂಜ್‌ನಿಂದ ಮನೆಗೆ ನಡೆಯುತ್ತ ನನ್ನ ‘ಚಲೋ ತಲೆ’ ಲೆಕ್ಕ ಹಾಕಿತು. ಮಣ ತುಂಬಿದರೆ ಹರಕೆ, ಹರಕೆ ತೀರಿದರೆ ಲಗ್ನ, ಲಗ್ನವಾದರೆ ಶಹಾಪುರ. ಮಣ ತುಂಬದಿದ್ದರೆ? ನಡುರಸ್ತೆಯಲ್ಲಿ ನಿಂತುಬಿಟ್ಟೆ. ಮನೆಯಲ್ಲಿ ಯಾವುದೂ ನನ್ನ ಕೈಯಲ್ಲಿರಲಿಲ್ಲ, ಉಡುವ ಬಟ್ಟೆಯಿಂದ ಹಿಡಿದು ಮಲಗುವ ಜಾಗದವರೆಗೆ. ಆದರೆ ನನ್ನ ಬಾಯಿ ನನ್ನದೇ ಆಗಿತ್ತಲ್ಲ!

ಶುರುಮಾಡುವುದು ಎಷ್ಟು ಸುಲಭವಿತ್ತು ಎಂದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ನಮ್ಮ ಮನೆಗಳಲ್ಲಿ ಹುಡುಗಿಯೊಬ್ಬಳು ಎರಡು ರೊಟ್ಟಿ ಜಾಸ್ತಿ ಉಂಡರೆ ಹತ್ತು ಜನ ನೋಡುತ್ತಾರೆ, ಉಣ್ಣದಿದ್ದರೆ ಒಬ್ಬರೂ ನೋಡುವುದಿಲ್ಲ. ಸೋಮವಾರ ಒಪ್ಪತ್ತು ಎಂದೆ. ಶಾಣೇ ಹುಡುಗಿ ಎಂದರು. ಶನಿವಾರವೂ ಎಂದೆ. ಅವ್ವ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಅತ್ತಿ ಕಳಿಸಿದ ತುಪ್ಪ ನನ್ನ ತಟ್ಟೆಯನ್ನು ದಾಟಿ ಅಪ್ಪನ ತಟ್ಟೆಗೆ ಹೋಗುತ್ತಿತ್ತು, ಅದನ್ನು ನೋಡಿ ಅಪ್ಪನ ಮೇಲೆ ಎಷ್ಟು ಪ್ರೀತಿ ಇದಕ್ಕೆ ಎಂದು ಮೆಚ್ಚಿದರು. ನಾನು ಹೊಟ್ಟೆ ಖಾಲಿ ಇಟ್ಟುಕೊಂಡಷ್ಟೂ ಒಳ್ಳೆಯ ಹುಡುಗಿಯಾಗುತ್ತ ಹೋದೆ.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಮೊದಮೊದಲು ಅದು ಬಹಳ ಖುಷಿ ಕೊಡುತ್ತದೆ! ಸಂಕಟ, ತಲೆನೋವು ಎಲ್ಲ ಕೆಲವು ದಿನ. ಆಮೇಲೆ ಒಂದು ಉಲ್ಲಾಸ ಏರುತ್ತದೆ ನೋಡಿ, ಅದನ್ನು ಹೇಗೆ ಹೇಳಲಿ? ಕೋಟೆಯ ಗುಡ್ಡವನ್ನು ಓಡುತ್ತ ಹತ್ತಬಲ್ಲೆ ಅನ್ನಿಸುತ್ತಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಪಾಠ ಬಾಯಿಗೆ ಹೇಳುತ್ತಿದ್ದೆ. ಎಲ್ಲರೂ ಹಸಿವೆಗೆ ಸೋತು ತಟ್ಟೆಯ ಮುಂದೆ ಕೂರುವಾಗ ನಾನೊಬ್ಬಳೇ ಗೆದ್ದವಳು ಎಂಬ ಸೊಕ್ಕು ತಲೆಗೇರಿತ್ತು. ಲಂಗದ ಲಾಡಿ ದಿನಕ್ಕಷ್ಟು ಉದ್ದ ಉಳಿದರೆ ಪರೀಕ್ಷೆಯಲ್ಲಿ ಪಾಸಾದಂತೆ ಕುಣಿಯುತ್ತಿದ್ದೆ.

ಆದರೆ ಉಣ್ಣದವಳ ತಲೆಯಲ್ಲಿ ಊಟ ಬಿಟ್ಟು ಬೇರೆ ಏನೂ ಇರುವುದಿಲ್ಲ. ನನಗೆ ಅಡುಗೆಯ ಹುಚ್ಚು ಹತ್ತಿತು. ಶೇಂಗಾ ಹಿಂಡಿ ನಾನೇ ಕುಟ್ಟಬೇಕು, ಎಣ್ಣೆಗಾಯಿಗೆ ಮಸಾಲೆ ನಾನೇ ತುಂಬಬೇಕು. ಬಂದವರಿಗೆಲ್ಲ ಮೈಮೇಲೆ ಬಿದ್ದು ಬಡಿಸುತ್ತಿದ್ದೆ. ಅವರು ಜಗಿಯುವುದನ್ನು ನೋಡುತ್ತ ಕೂರುವುದೇ ನನ್ನ ಊಟ. ಯಾದಗಿರಿಯ ಬೇಸಿಗೆಯಲ್ಲಿ ಜನ ನೆಲಕ್ಕೆ ನೀರು ಹೊಡೆದುಕೊಂಡು ಮಲಗುವಾಗ ನಾನು ಚಳಿ ಎಂದು ಕೌದಿ ಹೊದೆಯುತ್ತಿದ್ದೆ. ವಾರಿಗೆಯ ಹುಡುಗಿಯರು ಒಬ್ಬೊಬ್ಬರಾಗಿ ದೊಡ್ಡವರಾಗಿ ಶಾಲೆ ಬಿಟ್ಟರು. ನಾನು ದೊಡ್ಡವಳಾಗಲಿಲ್ಲ. ಅದನ್ನೂ ನನ್ನ ಗೆಲುವಿನ ಲೆಕ್ಕಕ್ಕೇ ಬರೆದುಕೊಂಡೆ.

ಮುಂದೆ ನಾನೇ ಅಕ್ಕೋರಾಗಿ ಊರೂರು ತಿರುಗಿದಾಗ, ಊಟ ಬಿಟ್ಟು ಸೊರಗಿದ ಹುಡುಗಿಯರನ್ನು ಕಂಡು ಜನ “ಕನ್ನಡಿ ನೋಡ್ಕೊಂಡು ಕೆಟ್ಟಾಳ” ಎನ್ನುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಆಗೆಲ್ಲ ನಾನು ಜಗಳಕ್ಕೇ ನಿಲ್ಲುತ್ತೇನೆ. ನಮ್ಮ ಮನೆಯಲ್ಲಿ ಇದ್ದದ್ದು ಅಂಗೈಯಗಲದ ಕನ್ನಡಿ, ಅದರಲ್ಲಿ ಹಣೆ ಕಂಡರೆ ಗದ್ದ ಕಾಣುತ್ತಿರಲಿಲ್ಲ! ಚೆಂದ ಕಾಣಬೇಕೆಂದು ಊಟ ಬಿಡುವವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಬೇರೆ ಯಾವುದರ ಮೇಲೂ ಅಧಿಕಾರವಿಲ್ಲದ ಹುಡುಗಿ ಕೊನೆಗೆ ತನ್ನ ತುತ್ತಿನ ಮೇಲೆ ಅಧಿಕಾರ ನಡೆಸುತ್ತಾಳೆ. ಆಕೆ ಉಣ್ಣಲಿಲ್ಲ ಎಂದು ಬೈಯುವ ಮುಂಚೆ ಆಕೆಗೆ ಏನು ಬೇಕಿತ್ತು ಎಂದು ಒಂದು ಮಾತು ಕೇಳಬಾರದೇ?

ಮುಂದಿನ ಪಾಡ್ಯ ಬಂತು. ನಾನು ಹಲಗೆಯ ಮೇಲೆ ಕೂತು ಕಣ್ಣು ಮುಚ್ಚಿಕೊಂಡೆ. ಅಪ್ಪ ‘ಲಾಭ!’ ಎಂದು ಹಿಂದಿನ ವರ್ಷದಷ್ಟೇ ಕಲ್ಲುಗಳನ್ನು ಇಡುತ್ತ ಹೋದ. ಹಲಗೆ ಗಪ್ಪನೆ ಮೇಲೆ ಹಾರಿತು! ಗೆದ್ದೆ ಎಂದು ಒಳಗೊಳಗೇ ಕೂಗಿಕೊಂಡು ಕಣ್ಣು ತೆರೆದೆ. ಯಾರೂ ನಗುತ್ತಿರಲಿಲ್ಲ. ಅಪ್ಪ ಒಂದು ಕಲ್ಲು ತೆಗೆದ, ಇನ್ನೊಂದು ತೆಗೆದ. ಮತ್ತೊಂದು ತೆಗೆಯಲು ಕೈ ಹಾಕಿದವನು ಹಾಗೇ ನಿಂತ. ವರ್ಷವಿಡೀ ಪರರ ಚೀಲಗಳನ್ನು ತೂಗುವ ಮನುಷ್ಯ ಮಗಳ ತೂಕವನ್ನು ಬಾಯಿಬಿಟ್ಟು ಹೇಳಲಾರದೆ ನನ್ನನ್ನು ಎತ್ತಿ ಇಳಿಸಿದ. ಅತ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು.

ಆಮೇಲೆ ಶುರುವಾಯಿತು ಔಷಧ, ಮಂತ್ರ. ಹಕೀಮರು ನಾಡಿ ಹಿಡಿದು ಕಷಾಯ ಕೊಟ್ಟರು. ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ಸುಟ್ಟರು, ಕೊರಳಿಗೆ ತಾಯತ ಕಟ್ಟಿದರು. ಕೇಳಿದರೆ ನಾನು “ಉಂಡೀನಿ” ಎನ್ನುತ್ತಿದ್ದೆ. ಇಷ್ಟರಲ್ಲಿ ಇನ್ನೊಂದು ಅನಾಹುತವಾಗಿತ್ತು. ಯಾವ ಶಾಲೆಗಾಗಿ ಇದನ್ನೆಲ್ಲ ಹಚ್ಚಿಕೊಂಡಿದ್ದೆನೋ ಆ ಶಾಲೆ ಕೈಬಿಡುತ್ತಿತ್ತು. ಅಕ್ಷರಗಳು ಕಣ್ಣ ಮುಂದೆ ಹರಿದಾಡುತ್ತಿದ್ದವು, ಬಾಯಿಪಾಠ ನಿಲ್ಲುತ್ತಿರಲಿಲ್ಲ. ಒಂದು ದಿನ ಬೋರ್ಡಿನ ಮುಂದೆ ಖಡು ಹಿಡಿದು ನಿಂತವಳು ಕುಸಿದುಬಿದ್ದೆ. ಅಕ್ಕೋರೇ ನನ್ನನ್ನು ಮನೆಗೆ ಕರೆತಂದು ಅವ್ವನಿಗೆ, “ಮೈಯಾಗ ಕಸುವು ಬರೂತನಕ ಕಳಸಬ್ಯಾಡ್ರಿ,” ಎಂದು ಹೇಳಿ ಹೋದರು. ನಾನು ಕೌದಿ ಮುಸುಕೆಳೆದುಕೊಂಡು ಹಲ್ಲು ಕಡಿದೆ. ಮೋಸ ಹೋದೆ ಎನ್ನಿಸಿತು, ಆದರೆ ಮೋಸ ಮಾಡಿದವರು ಯಾರು ಎಂದು ತಿಳಿಯಲಿಲ್ಲ.

ಗುಟ್ಟು ಬಿಡಿಸಿದ್ದು ನಮ್ಮ ಗೋಡೆಗೆ ಗೋಡೆ ಹತ್ತಿಕೊಂಡಿದ್ದ ಮನೆಯ ಖಾಲಾ, ಚಿಕ್ಕಮ್ಮ ಎಂಬ ಅರ್ಥದಲ್ಲಿ ನಾವೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದೆವು. ಅವರ ಮನೆಯ ಮಾತು ದಖನಿ, ನಮ್ಮ ಜೊತೆ ಕನ್ನಡ. ಅದು ರಂಜಾನ್ ತಿಂಗಳು. ಖಾಲಾ ಸಂಜೆ ರೋಜಾ ಬಿಡುವ ಮುಂಚೆ ನನ್ನ ಹಾಸಿಗೆಯ ಪಕ್ಕ ಬಂದು ಕೂತು, ನನ್ನ ಬಾಯಿಯ ವಾಸನೆ ಹಿಡಿದರು. ಉಪವಾಸದ ಬಾಯಿ ಉಪವಾಸ ಮಾಡುವವರಿಗೆ ಗೊತ್ತಾಗುತ್ತದೆ. “ಬೇಟಿ, ನಮ್ಮ ರೋಜಾಕ ಸಂಜಿ ಅಂತ ಒಂದು ಇರ್ತದ. ನಿನ್ನ ರೋಜಾಕ ಸಂಜಿ ಯಾವಾಗ?” ಎಂದು ಮೆತ್ತಗೆ ಕೇಳಿದರು. ಬೈದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಆ ಒಂದು ಪ್ರಶ್ನೆಗೆ ಕಟ್ಟೆಯೊಡೆಯಿತು. ಮಣ, ಹರಕೆ, ಶಹಾಪುರ, ಟ್ರೇನಿಂಗ್ ಎಲ್ಲವನ್ನೂ ಬಿಕ್ಕುತ್ತ ಹೇಳಿದೆ. ಖಾಲಾ ನೆಟ್ಟಗೆ ಎದ್ದು ಒಲೆಯ ಮುಂದಿದ್ದ ಅವ್ವನ ಹತ್ತಿರ ಹೋದರು.

ಅವ್ವ ಅಳುತ್ತಾಳೆ ಅಂದುಕೊಂಡಿದ್ದೆ. ಅವ್ವ ಕೆರಳಿದಳು! ಮರುದಿನ ಬೆಳಿಗ್ಗೆ ನನ್ನನ್ನು ಬಗಲಿಗೆ ಹಾಕಿಕೊಂಡು ನೇರ ಗಂಜ್‌ಗೆ ನಡೆದಳು. ಪಾಡ್ಯವಿಲ್ಲ, ಪೂಜೆಯಿಲ್ಲ. ಚೀಲ ತೂಗುತ್ತಿದ್ದ ಅಪ್ಪನಿಗೆ, “ಇಳಸ್ರಿ ಆ ಚೀಲಾ,” ಎಂದು ಹಲಗೆಯ ಮೇಲೆ ತಾನೇ ಚಕ್ಕಳಬಕ್ಕಳ ಹಾಕಿ ಕೂತು, ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

“ಈಗ ತೂಗ್ರಿ.”

ಅಪ್ಪ ತಬ್ಬಿಬ್ಬಾದ. “ಏ, ಹರಕಿ ಹಂಗಿಲ್ಲ. ಆಕಿ ಒಬ್ಬಾಕೀದ ಮಣಾ ತೂಗಬೇಕು.”

“ಹರಕಿ ಹೊತ್ತಾಕಿ ನಾನು. ಹೆಂಗಿತ್ತು ಅಂತ ನಾ ಹೇಳ್ತೀನಿ. ಒಂಬತ್ತು ತಿಂಗಳು ನನ್ನ ಹೊಟ್ಟ್ಯಾಗ ಇದ್ದಾಗ ಆಕಿನ್ನ ಬ್ಯಾರೆ, ನನ್ನ ಬ್ಯಾರೆ ತೂಗಿದ್ರೇನು? ಇಡ್ರಿ ಕಲ್ಲು!”

ಹಮಾಲರೆಲ್ಲ ಹೋ ಎಂದರು. ಅಪ್ಪ ಕಲ್ಲು ಇಟ್ಟ. ಮಣದ ಕಲ್ಲು ಮೇಲೆಯೇ ತೂಗಾಡಿತು, ನಾವಿಬ್ಬರೂ ಕೂತ ಹಲಗೆ ನೆಲ ಬಿಡಲೇ ಇಲ್ಲ. ಅದೇ ವಾರ ಬೆಲ್ಲದ ಪೆಂಟಿಗಳನ್ನು ಬಸ್ಸಿನ ಮೇಲೆ ಹೇರಿಕೊಂಡು ಸುರಪುರಕ್ಕೆ ಹೋದೆವು. ದಾರಿಯಲ್ಲಿ ಶಹಾಪುರದಲ್ಲಿ ಇಳಿದು ಅವ್ವ ಅತ್ತಿಯ ಮನೆಯ ಹೊಸ್ತಿಲಲ್ಲೇ ನಿಂತು, “ಹರಕಿ ತೀರಸಾಕ ಹೊಂಟೀವಿ ಅಕ್ಕಾರ. ಆದ್ರ ಲಗ್ನದ ಮಾತು ಈಕಿ ಸಾಲಿ ಮುಗಿಯೂತನಕ ಎತ್ತಬ್ಯಾಡ್ರಿ,” ಎಂದಳು. ಅತ್ತಿ ಮುಖ ಊದಿಸಿಕೊಂಡಳು, ಆಮೇಲೆ ನನ್ನ ರಟ್ಟೆ ಮುಟ್ಟಿ ನೋಡಿ, “ಮೊದ್ಲ ಜೀವ ಉಳೀಲಿ ನಮ್ಮವ್ವಾ,” ಎಂದು ಒಳಗೆ ಕರೆದಳು. ಸುರಪುರದಲ್ಲಿ ದೇವರ ಮುಂದೆ ಬೆಲ್ಲ ಇಳಿಸಿದ್ದಾಯಿತು. ಜನ ಕೈಕೈಗೆ ಬೆಲ್ಲ ತೆಗೆದುಕೊಂಡು ತಿನ್ನುತ್ತಿದ್ದರು. ನನಗೆ ಕುಣಿಯಬೇಕು ಅನ್ನಿಸಿತು! ಲಗ್ನವಿಲ್ಲ, ಮಣವಿಲ್ಲ, ಶಾಲೆಯಿದೆ. ಇನ್ನು ಉಂಡರಾಯಿತು.

ಮನೆಗೆ ಬಂದು ತಟ್ಟೆಯ ಮುಂದೆ ಕೂತೆ. ಬಿಸಿ ರೊಟ್ಟಿ, ಪುಂಡಿಪಲ್ಯ. ತುತ್ತು ಮುರಿದೆ. ಬಾಯಿಯ ಹತ್ತಿರ ತಂದೆ. ಕೈ ನಿಂತಿತು.

ಉಣ್ಣಲಾಗಲಿಲ್ಲ. ಬೇಡವೆಂದು ಹಟ ಮಾಡಿದ್ದಲ್ಲ, ಆಗಲೇ ಇಲ್ಲ. ಯಾವುದಕ್ಕಾಗಿ ಊಟ ಬಿಟ್ಟಿದ್ದೆನೋ ಆ ಕಾರಣ ಹೋಗಿತ್ತು, ಊಟ ಬಿಟ್ಟದ್ದು ಮಾತ್ರ ಹೋಗಿರಲಿಲ್ಲ. ಒಳಗೆ ಯಾರೋ ಕೂತು ಒಂದೊಂದು ತುತ್ತಿಗೂ ಇದು ಜಾಸ್ತಿಯಾಯಿತು, ಇದು ಜಾಸ್ತಿಯಾಯಿತು ಎನ್ನುತ್ತಿದ್ದರು. ನಾನೇ ಕರೆತಂದು ಕೂರಿಸಿದ್ದವರು, ಈಗ ಏಳು ಎಂದರೆ ಏಳುತ್ತಿರಲಿಲ್ಲ. ನನಗೆ ಮೊದಲ ಸಲ ನಿಜವಾದ ಹೆದರಿಕೆಯಾಯಿತು. ಅಲ್ಲಿಯವರೆಗೆ ಈ ಆಟ ಆಡುತ್ತಿರುವವಳು ನಾನೇ ಅಂದುಕೊಂಡಿದ್ದೆ.

ಅವ್ವ ತುರುಕಲಿಲ್ಲ. ಖಾಲಾ ಬೇಡವೆಂದಿದ್ದರೋ, ತನಗೇ ತೋಚಿತೋ ತಿಳಿಯದು. ಅವತ್ತಿನಿಂದ ನನ್ನ ತಟ್ಟೆ ಹಾಕಿದಾಗ ತನ್ನ ತಟ್ಟೆಯನ್ನೂ ಹಾಕಿಕೊಂಡು ಎದುರು ಕೂರತೊಡಗಿದಳು. ನಾನು ಒಂದು ತುತ್ತು ತಿಂದರೆ ತಾನೂ ಒಂದು ತುತ್ತು. ನಾನು ಎದ್ದರೆ ತಾನೂ ಎದ್ದು ಕೈತೊಳೆಯುತ್ತಿದ್ದಳು. ಮಾತಾಡುವುದು ಊಟದ್ದಲ್ಲ, ಓಣಿಯ ಸುದ್ದಿ, ಅಪ್ಪನ ಗೊರಕೆ, ಖಾಲಾನ ಮೇಕೆ ಯಾರ ಹಿತ್ತಲು ಹೊಕ್ಕಿತು ಎಂಬುದು. ನಾನು ಕಾಲು ರೊಟ್ಟಿಗೆ ಬಂದೆ. ಒಂದೊಂದು ದಿನ ಅರ್ಧಕ್ಕೆ. ಒಂದೊಂದು ದಿನ ಏನೂ ಇಲ್ಲ. ಹೀಗೆ ಬೇಸಿಗೆ ಕಳೆದು ಮಳೆ ಬಂತು. ಅಕ್ಕೋರು ಒಪ್ಪಿ ಮತ್ತೆ ಶಾಲೆಗೆ ಸೇರಿಸಿಕೊಂಡರು, ಆದರೆ ಅರ್ಧ ದಿನ ಮಾತ್ರ.

ಒಂದು ಮಧ್ಯಾಹ್ನ ಶಾಲೆಯಿಂದ ಬಂದೆ. ನಾಡಗೀತೆಯೊಂದನ್ನು ಮುಂದಿನ ಸಾಲಿನಲ್ಲಿ ನಿಂತು ಹಾಡಲು ನನ್ನನ್ನು ಆರಿಸಿದ್ದರು, ಆ ಸಡಗರದಲ್ಲಿ ಬಾಗಿಲಲ್ಲೇ ಕೂಗುತ್ತ ಒಳಗೆ ಓಡಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ಎತ್ತಿದಾಗ ಬಳೆಗಳು ಜಾರಿ ಮೊಳಕೈ ತನಕ ಹೋದವು. ಕೈ ಇಳಿಸಿದಾಗ ಬೆರಳ ಗೆಣ್ಣಿನವರೆಗೆ ಬಂದು ನಿಂತವು, ಉದುರಬಾರದೆಂದು ದಾರ ಸುತ್ತಿದ್ದಳು. ನಾನು ನೋಡುತ್ತ ನಿಂತೆ. ಕುಪ್ಪಸದ ತೋಳು ಜೋಲುತ್ತಿತ್ತು. ಕೊರಳ ಎಲುಬು ಎದ್ದಿತ್ತು. ಅಷ್ಟು ತಿಂಗಳು ನೀರು ಹೊತ್ತು, ಬೀಸಿ, ಬಟ್ಟೆ ಒಗೆದು, ನಾನು ತಿಂದಷ್ಟೇ ತಿಂದಿದ್ದಳು! ನನ್ನ ಮೈಯನ್ನು ಗೇಣು ಹಾಕಿ ಹಾಕಿ ನೋಡಿಕೊಂಡ ನನಗೆ ಎದುರಿಗೆ ಕೂತವಳ ಮೈ ಕಂಡಿರಲಿಲ್ಲ.

“ನೀ ಯಾಕ ಉಣ್ಣವಲ್ಲಿ?” ಎಂದು ಕಿರುಚಿದೆ.

“ಉಣ್ತೀನಲ್ಲ. ನೀ ಎಷ್ಟೋ ನಾ ಅಷ್ಟು.”

“ಸಾಯ್ತಿ ಹಂಗಂದ್ರ!”

“ಹೌದೇನು?” ಎಂದಳು ಅವ್ವ, ತವೆಯ ಮೇಲಿನ ರೊಟ್ಟಿ ಮಗುಚುತ್ತ. “ನನಗೂ ಹಂಗ ಅನಸಾಕತ್ತದ.”

ನಾನು ಬುಟ್ಟಿಯಿಂದ ರೊಟ್ಟಿ ಎಳೆದು ಅಲ್ಲೇ ಕೂತೆ. ಪಲ್ಯವೂ ಇಲ್ಲ, ಏನೂ ಇಲ್ಲ. ಸಿಟ್ಟಿನಲ್ಲಿ ಮುರಿದು ಬಾಯಿಗೆ ತುಂಬಿಕೊಂಡೆ. ಅವ್ವ ಒಲೆಯ ಮುಂದಿನಿಂದಲೇ ಒಂದು ತುತ್ತು ಮುರಿದುಕೊಂಡಳು. ನಾನು ಇನ್ನೊಂದು, ಆಕೆಯೂ ಇನ್ನೊಂದು. ಒಳಗಿನವರು ಜಾಸ್ತಿಯಾಯಿತು ಎಂದು ಕೂಗುತ್ತಲೇ ಇದ್ದರು, ಕೂಗಲಿ ಎಂದು ಅವ್ವನ ಬಾಯಿಯನ್ನೇ ನೋಡುತ್ತ ಜಗಿದೆ. ಒಂದು ರೊಟ್ಟಿ ಪೂರಾ ಮುಗಿಯಿತು. ನನ್ನ ಕಣ್ಣು, ಮೂಗು ಎರಡೂ ಸುರಿಯುತ್ತಿದ್ದವು.

“ಇನ್ನೊಂದು ಬೇಕೇನ?” ಎಂದಳು ಅವ್ವ.

“ನಿನಗ ಬೇಕೇನ?” ಎಂದೆ.

“ಬೇಕು ನನ್ನವ್ವಾ,” ಎಂದು ಅವ್ವ ನಕ್ಕಳೋ ಅತ್ತಳೋ, “ಹೊಟ್ಟಿ ಹಸದು ಜೀವ ಹೋಗಾಕತ್ತದ.”

ನಾನು ಬುಟ್ಟಿ ಎಳೆದು ನಮ್ಮಿಬ್ಬರ ನಡುವೆ ಇಟ್ಟುಕೊಂಡೆ.